ಅಜ್ಜಿ ಹತ್ತುವ ಇನ್ನೋವಾ ಯಾವುದು?

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸುವ ಜಾಗದಲ್ಲಿ ಭಾನುವಾರ ಹನ್ನೊಂದರ ಹೊತ್ತಿಗೆ ನಿಂತವರಿಗೆ ಟೊಯೊಟಾ ಇನ್ನೋವಾದ ಇಪ್ಪತ್ತು ವರ್ಷದ ಚರಿತ್ರೆ ಪುಕ್ಕಟೆಯಾಗಿ ನೋಡಲು ಸಿಗುತ್ತದೆ. ಒಂದು ಮೂಲೆಯಲ್ಲಿ ಕೆಎ 13 ನಂಬರಿನ, ಕಿಟಕಿಗೆ ಪರದೆ ಕಟ್ಟಿದ, ಬೆಳ್ಳಿ ಬಣ್ಣ ಮಾಸಿದ ಮೊದಲ ತಲೆಮಾರಿನ ಗಾಡಿ. ಅದರ ಪಕ್ಕ ಬೆಂಗಳೂರಿನಿಂದ ಬೆಳಿಗ್ಗೆಯೇ ಹೊರಟು ಬಂದ ಬಿಳಿ ಕ್ರಿಸ್ಟಾ. ಇನ್ನೊಂದು ಕಡೆ ನೆರಳು ಹುಡುಕಿಕೊಂಡು, ಬಂದದ್ದೇ ಗೊತ್ತಾಗದ ಹಾಗೆ ಬಂದು ನಿಲ್ಲುವ ಹೈಕ್ರಾಸ್. ಮೂರಕ್ಕೂ ಹೆಸರು ಒಂದೇ, ಮೂರೂ ಹುಟ್ಟಿದ್ದು ಬಿಡದಿಯ ಕಾರ್ಖಾನೆಯಲ್ಲೇ. ಅಷ್ಟು ಬಿಟ್ಟರೆ ಅಜ್ಜನಿಗೂ ಮೊಮ್ಮಗನಿಗೂ ಇರುವಷ್ಟೇ ಅಂತರ.

ಹಳೆಯ ಗಾಡಿಯ ಡ್ರೈವರ್ ಡಿಕ್ಕಿ ತೆಗೆದು ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲನ್ನು ಈಚೆಗೆ ತೆಗೆಯುತ್ತಾನೆ. ನಡು ಸೀಟಿನ ಬಾಗಿಲ ಕೆಳಗೆ ಅದನ್ನಿಟ್ಟು ಕಾಲಿನಿಂದ ಒತ್ತಿ ಅಲ್ಲಾಡದಂತೆ ನೋಡಿಕೊಳ್ಳುತ್ತಾನೆ. ಅಜ್ಜಿ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ, ಇನ್ನೊಂದರಲ್ಲಿ ಮೊಮ್ಮಗನ ಹೆಗಲು ಹಿಡಿದು, ಮೊದಲು ಬಲಗಾಲು, ಆಮೇಲೆ ಎಡಗಾಲು ಇಳಿಸುತ್ತಾರೆ. "ತಡಿಯಪ್ಪ, ಸೆರಗು ಸಿಕ್ಕಾಕ್ಕಂಡೈತೆ." ಸೆರಗು ಬಿಡಿಸಿಕೊಂಡು ನೆಲ ಮುಟ್ಟುವುದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಇನ್ನೋವಾ ಕೊಳ್ಳುವ ಮಾತು ಬಂದಾಗ ಎಂಜಿನ್ ಎಷ್ಟು ಸಿಸಿ, ಎಷ್ಟು ಪಿಕಪ್, ಎಷ್ಟು ಮೈಲೇಜ್ ಎಂದು ತಾಸುಗಟ್ಟಲೆ ವಾದ ನಡೆಯುತ್ತದೆ. ಈ ಸ್ಟೂಲಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಬೇರೆ ಕಾರುಗಳಲ್ಲಿ ಸಾಮಾನ್ಯವಾಗಿ ಹೊಸದು ಬಂದರೆ ಹಳೆಯದು ಶೋರೂಮಿನಿಂದ ಮಾಯವಾಗುತ್ತದೆ. ಇನ್ನೋವಾದಲ್ಲಿ ಹಾಗಾಗಲಿಲ್ಲ. 2022ರ ನವೆಂಬರ್ 25ರಂದು ಮುಂಬೈಯಲ್ಲಿ ಹೈಕ್ರಾಸ್ ಅನಾವರಣಗೊಂಡಿತು. ಟೊಯೊಟಾವನ್ನು ಕರ್ನಾಟಕಕ್ಕೆ ತಂದ ವಿಕ್ರಮ್ ಕಿರ್ಲೋಸ್ಕರ್ ಸಾರ್ವಜನಿಕವಾಗಿ ಕಾಣಿಸಿಕೊಂಡ ಕೊನೆಯ ಸಮಾರಂಭ ಅದು. ನಾಲ್ಕು ದಿನಕ್ಕೆ ಅವರು ತೀರಿಕೊಂಡರು. ಇನ್ನು ಡೀಸೆಲ್ ಕ್ರಿಸ್ಟಾದ ಕಾಲ ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ 2023ರ ಆರಂಭದಲ್ಲಿ ಅದೇ ಕ್ರಿಸ್ಟಾ, ಮ್ಯಾನುವಲ್ ಗೇರಿನಲ್ಲಿ ಮಾತ್ರ, 19.13 ಲಕ್ಷ ರೂಪಾಯಿಯಿಂದ ಶುರುವಾಗುವ ಬೆಲೆಗೆ ಮರಳಿ ಬಂತು. ಇಂಡೊನೇಷ್ಯಾದಲ್ಲೂ ಇದೇ ಕಥೆ. ಅಲ್ಲಿ ಇನ್ನೋವಾ ವಂಶದ ಹೆಸರು ಕಿಜಾಂಗ್, ಅಂದರೆ ಕಾಡುಕುರಿ ಎನ್ನುವ ಸಣ್ಣ ಜಿಂಕೆ. ಹೈಕ್ರಾಸನ್ನು ಝೆನಿಕ್ಸ್ ಎಂದು ಮಾರತೊಡಗಿದ ಮೇಲೂ ಅಲ್ಲಿ ಹಳೆಯ ಡೀಸೆಲ್ ಗಾಡಿಯನ್ನು ಕೈಬಿಡಲಿಲ್ಲ. ಹೀಗೆ ತಂದೆ ಮಗ ಇಬ್ಬರೂ ಒಂದೇ ಅಂಗಡಿಯಲ್ಲಿ ಗಿರಾಕಿಗಾಗಿ ಕಾಯುತ್ತ ನಿಂತಿದ್ದಾರೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ತಾತನೂ ಸಿಗುತ್ತಾನೆ.

ವೇಗದ ಕುಟುಂಬದ ಕಾರು ಎಂದಾಕ್ಷಣ ಬೆಂಗಳೂರಿನ ಕಾರುಪ್ರಿಯರು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಹೆಸರು ಹೇಳುತ್ತಾರೆ. ಅದು ತಪ್ಪಲ್ಲ. 2004ರಲ್ಲಿ ಭಾರತಕ್ಕೆ ಬಂದ ಮೊದಲ ಆರ್‌ಎಸ್‌ಗೆ 150 ಪಿಎಸ್ ಶಕ್ತಿಯಿತ್ತು. 2025ರ ಅಕ್ಟೋಬರ್‌ನಲ್ಲಿ ಬಂದದ್ದಕ್ಕೆ 265 ಪಿಎಸ್, 49.99 ಲಕ್ಷ ರೂಪಾಯಿ. ಇಡೀ ದೇಶಕ್ಕೆ ಬಂದದ್ದು ನೂರೇ ಕಾರು. ಅದರ ಹಳೆ ತಲೆಮಾರು ಮೇಲೋ ಹೊಸದು ಮೇಲೋ ಎನ್ನುವುದು ಸೊಗಸಾದ ಚರ್ಚೆ. ಆದರೆ ಅರಸೀಕೆರೆಯ ತೆಂಗಿನ ತೋಟದ ಮನೆಯಲ್ಲಿ ಏಳು ಜನ ಹತ್ತಬೇಕು, ಹಿಂದೆ ಎಳನೀರಿನ ಗೊನೆ ಇಡಬೇಕು, ಬೇಲೂರಿನಲ್ಲಿ ಹರಕೆ ತೀರಿಸಿ ರಾತ್ರಿ ಊಟಕ್ಕೆ ಮನೆ ಸೇರಬೇಕು. ಅಲ್ಲಿ ವೇಗದ ಕುಟುಂಬದ ಕಾರು ಎಂದರೆ ಇನ್ನೋವಾ.

ಅಂಕಿಗಳನ್ನು ನೋಡಿದರೂ ಆ ಹೆಸರು ಸುಮ್ಮನೆ ಬಂದದ್ದಲ್ಲ. 2000ದಲ್ಲಿ ಬಿಡದಿಯಿಂದ ಮೊದಲು ಹೊರಬಂದ ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಎಂಜಿನ್‌ಗೆ 75 ಪಿಎಸ್ ಶಕ್ತಿ. 2005ರ ಇನ್ನೋವಾಗೆ 102 ಪಿಎಸ್, ತಿರುಚುಬಲ 200 ನ್ಯೂಟನ್ ಮೀಟರ್. 2016ರ ಮೇ ತಿಂಗಳಲ್ಲಿ ಬಂದ ಕ್ರಿಸ್ಟಾದ 2.4 ಎಂಜಿನ್‌ಗೆ 150 ಪಿಎಸ್, ಮ್ಯಾನುವಲ್‌ನಲ್ಲಿ 343 ನ್ಯೂಟನ್ ಮೀಟರ್. ಆಟೊಮ್ಯಾಟಿಕ್ ಬೇಕೆಂದವರಿಗೆ 2.8 ಲೀಟರಿನ 174 ಪಿಎಸ್ ಎಂಜಿನ್ ಇತ್ತು. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದಾಗ ಅದು ಹೋಯಿತು. ಹೈಬ್ರಿಡ್ ಹೈಕ್ರಾಸ್‌ಗೆ ಪೆಟ್ರೋಲ್ ಎಂಜಿನ್ ಮತ್ತು ಮೋಟಾರು ಸೇರಿ 186 ಪಿಎಸ್. ಶೂನ್ಯದಿಂದ 100ಕ್ಕೆ 9.5 ಸೆಕೆಂಡು ಸಾಕು ಎಂದು ಕಂಪನಿ ಹೇಳುತ್ತದೆ. ಮೊದಲ ಇನ್ನೋವಾಗೆ ಅದೇ ಕೆಲಸಕ್ಕೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಕಿತ್ತು.

ಈ ಸೆಕೆಂಡುಗಳಿಗೆ ಜಾವಗಲ್ ರಸ್ತೆಯಲ್ಲಿ ಏನು ಬೆಲೆ?

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು, ಎಲ್ಲ ಸೇರಿ ಅರವತ್ತು ಕಿಲೋಮೀಟರಿನ ಆಚೀಚೆ. ಜಾವಗಲ್ ಎಂದರೆ ಭಾರತದ ಅತಿವೇಗದ ಬೌಲರ್‌ಗಳಲ್ಲಿ ಒಬ್ಬರಾದ ಶ್ರೀನಾಥ್ ಅವರ ಹೆಸರಿಗೆ ಅಂಟಿಕೊಂಡ ಊರು. ಆದರೆ ಆ ಊರಿನ ಸುತ್ತಿನ ರಸ್ತೆಯಲ್ಲಿ ಅಂಥ ರನ್‌ಅಪ್ ತೆಗೆದುಕೊಳ್ಳಲು ಜಾಗವಿಲ್ಲ. ತೆಂಗಿನಕಾಯಿ ತುಂಬಿದ ಲಾರಿ, ಹುಲ್ಲು ಹೊತ್ತ ಟ್ರ್ಯಾಕ್ಟರ್, ರಾಗಿ ಒಕ್ಕಣೆಯ ಕಾಲಕ್ಕೆ ಅರ್ಧ ರಸ್ತೆ ಕಣವೇ. ಬಣ್ಣ ಹಚ್ಚದ ಹಂಪುಗಳು ಬೇರೆ. ಇಲ್ಲಿ ಎಂಜಿನ್ನಿನ ಶಕ್ತಿಗೆ ಇರುವುದು ಒಂದೇ ಕೆಲಸ: ಲಾರಿಯನ್ನು ಹಿಂದೆ ಹಾಕಿ ಬೇಗ ತನ್ನ ಪಕ್ಕಕ್ಕೆ ವಾಪಸು ಬರುವುದು.

ಲೆಕ್ಕ ಹಾಕಿ ನೋಡಿದರೆ ಅದು ಸಣ್ಣ ಕೆಲಸವಲ್ಲ. ಓವರ್‌ಟೇಕ್ ಮಾಡುತ್ತಿರುವ ಕಾರು ಗಂಟೆಗೆ 80 ಕಿ.ಮೀ.ನಲ್ಲಿದೆ, ಎದುರಿನಿಂದ ಸರ್ಕಾರಿ ಬಸ್ಸು 60ರಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಎರಡರ ನಡುವಿನ ಅಂತರ ಸೆಕೆಂಡಿಗೆ ಸುಮಾರು 39 ಮೀಟರಿನಂತೆ ಕರಗುತ್ತದೆ. ಹಳೆಯ ಇನ್ನೋವಾ ತುಂಬಿದ ಮೈಯಲ್ಲಿ ಮೂರನೇ ಗೇರಿಗೆ ಇಳಿದು, ಏದುಸಿರು ಬಿಟ್ಟು, ಕ್ರಿಸ್ಟಾಗಿಂತ ಮೂರೇ ಸೆಕೆಂಡು ತಡ ಮಾಡಿದರೂ ಬಸ್ಸು 117 ಮೀಟರ್ ಹತ್ತಿರ ಬಂದಿರುತ್ತದೆ. ಅದು ಹೆಚ್ಚುಕಮ್ಮಿ ಒಂದು ಫುಟ್‌ಬಾಲ್ ಮೈದಾನದ ಉದ್ದ. ಈ ಕಾರಣಕ್ಕೆ ಕ್ರಿಸ್ಟಾದ 343 ನ್ಯೂಟನ್ ಮೀಟರನ್ನು ಷೋಕಿ ಎನ್ನುವಂತಿಲ್ಲ. ಅದರಿಂದ ಮೇಲೆ ಹೈಕ್ರಾಸ್ ಕೊಡುವ ಹೆಚ್ಚುವರಿ ಚುರುಕಿಗೆ ಈ ಅರವತ್ತು ಕಿಲೋಮೀಟರಿನಲ್ಲಿ ಅಷ್ಟು ಕೆಲಸವಿಲ್ಲ. 102ರಿಂದ 150ಕ್ಕೆ ಏರಿದಾಗ ಸಿಕ್ಕ ಲಾಭ 150ರಿಂದ 186ಕ್ಕೆ ಏರಿದಾಗ ಸಿಗುವುದಿಲ್ಲ.

ಹೆದ್ದಾರಿಗೆ ಬಂದರೆ ಮಾತು ಬೇರೆ, ಮತ್ತು ಜನ ಎಡವುವುದೂ ಅಲ್ಲೇ. ಮೊದಲ ಇನ್ನೋವಾ ಬಂದ ಕಾಲಕ್ಕೆ ಅರಸೀಕೆರೆಯಿಂದ ಬೆಂಗಳೂರಿಗೆ ಹೋಗಲು ಇದ್ದ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ, ತಿಪಟೂರಿನ ಪೇಟೆ ನಡುವೆಯೇ ಹಾಯ್ದು ಹೋಗುವ ದ್ವಿಪಥವಾಗಿತ್ತು. ಎಂಬತ್ತಕ್ಕೆ ಮುಟ್ಟಿದರೆ ದೊಡ್ಡದು. ಈಗ ಹಾಸನದಿಂದ ನೆಲಮಂಗಲದವರೆಗೆ ನಾಲ್ಕು ಪಥ. ತುಮಕೂರು–ಶಿವಮೊಗ್ಗ ಮಾರ್ಗವೂ ಭಾಗ ಭಾಗವಾಗಿ ನಾಲ್ಕು ಪಥವಾಗುತ್ತಿದೆ. ಗಾಡಿ ಹಳೆಯದೇ, ರಸ್ತೆ ಮಾತ್ರ ಹೊಸದು. ಅದೇ 2007ರ ಇನ್ನೋವಾವನ್ನು ಈಗ 110ರಲ್ಲಿ ಓಡಿಸುವವರಿದ್ದಾರೆ. 80ರಲ್ಲಿ ಬ್ರೇಕ್ ಒತ್ತಿದಾಗ ನಿಲ್ಲಲು ಬೇಕಾಗುವ ದೂರಕ್ಕೆ ಹೋಲಿಸಿದರೆ 110ರಲ್ಲಿ ಬೇಕಾಗುವುದು ಅದರ ಸುಮಾರು 1.9 ಪಟ್ಟು, ವೇಗದ ವರ್ಗಕ್ಕೆ ತಕ್ಕಂತೆ ಅದು ಬೆಳೆಯುತ್ತದೆ. ಮೊದಲ ವರ್ಷಗಳ ಇನ್ನೋವಾದ ಕೆಳ ಮಾದರಿಗಳಲ್ಲಿ ಏರ್‌ಬ್ಯಾಗೇ ಇರಲಿಲ್ಲ. ಕ್ರಿಸ್ಟಾ ಬಂದಾಗ ಎಲ್ಲ ಮಾದರಿಗೂ ಮುಂದಿನ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಬಂದವು. ಹೈಕ್ರಾಸ್ 2025ರಲ್ಲಿ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆಯಿತು.

"ಆವಾಗಿನ್ ಗಾಡಿ ಬಾಡಿ ಕಬ್ಬಿಣ ಕಣಣ್ಣ, ಈಗಿನ್ವು ತಗಡು" ಎನ್ನುವ ಮಾತು ಅರಸೀಕೆರೆ ಸ್ಟೇಷನ್ ಮುಂದಿನ ಟ್ಯಾಕ್ಸಿಯವರ ಬಾಯಲ್ಲೂ ಇದೆ, ತೋಟದ ಮನೆಯ ಜಗಲಿಯಲ್ಲೂ ಇದೆ. ಬಾಗಿಲು ಹಾಕಿದಾಗ ಬರುವ ಧಡ್ ಶಬ್ದವೇ ಅದಕ್ಕೆ ಸಾಕ್ಷಿ. ಆದರೆ ಡಿಕ್ಕಿಯಾದಾಗ ಗಾಡಿಯ ಮೂತಿ ನಜ್ಜುಗುಜ್ಜಾಗಬೇಕು, ಕುಳಿತವರ ಗೂಡು ಮಾತ್ರ ಉಳಿಯಬೇಕು. ಈಗಿನ ವಿನ್ಯಾಸದ ಸೂತ್ರವೇ ಅದು. ನಜ್ಜಾಗದ ಗಟ್ಟಿ ಗಾಡಿಯಲ್ಲಿ ಪೆಟ್ಟು ನೇರವಾಗಿ ಒಳಗಿನವರ ಎದೆಗೂ ಕುತ್ತಿಗೆಗೂ ತಾಗುತ್ತದೆ. ಇದನ್ನು ಎಷ್ಟು ಹೇಳಿದರೂ ಜಗಲಿ ಒಪ್ಪುವುದಿಲ್ಲ, ಏಕೆಂದರೆ ಜಗಲಿ ನೋಡಿರುವುದು ಎತ್ತಿನ ಗಾಡಿಗೆ ತಾಗಿ ಗೀರೂ ಬೀಳದ ಬಂಪರನ್ನು.

ಹಾಗಾಗಿ ಮೊದಲ ತಲೆಮಾರಿನ ಇನ್ನೋವಾ ಬಗ್ಗೆ ಖಡಾಖಂಡಿತ ಮಾತು ಹೇಳಬಹುದು: ತೋಟಕ್ಕೆ, ಸಂತೆಗೆ, ಬಾಣಾವರದ ಬೀಗರ ಮನೆಗೆ ಅದು ಇರಲಿ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾಲ್ಕು ಪಥದಲ್ಲಿ ನೂರು ದಾಟಿಸುವುದು ಬೇಡ. ಎಂಜಿನ್ ಬಿಚ್ಚದೆ ನಾಲ್ಕು ಲಕ್ಷ ಕಿಲೋಮೀಟರ್ ಓಡಿದೆ ಎಂದು ಹೆಮ್ಮೆಪಡುವವರ ಮುಂದೆ ಇದು ಕಹಿ ಮಾತು. ಎಂಜಿನ್ ಉಳಿದಿರಬಹುದು, ಕೆಳಗಿನ ಬುಷ್, ಬ್ರೇಕ್ ಪೈಪು, ಸೀಟ್ ಬೆಲ್ಟಿನ ಬಿಗಿತ ಅಷ್ಟೇ ಕಾಲ ಉಳಿದಿರುವುದಿಲ್ಲ. ಸರ್ಕಾರವೂ ಇಂಥ ಗಾಡಿಯ ಮೇಲೆ ಹಿಡಿತ ಬಿಗಿ ಮಾಡುತ್ತಿದೆ. ಹದಿನೈದು ವರ್ಷವಾದ ಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಲಘು ಮೋಟಾರು ವಾಹನಗಳಿಗೆ ಆ ಶುಲ್ಕವನ್ನು ಕೇಂದ್ರ 10,000 ರೂಪಾಯಿಗೆ ಏರಿಸಿತು. 2005ರ ಮೊದಲ ಇನ್ನೋವಾಗಳಿಗೆ ಇಪ್ಪತ್ತು ತುಂಬಿದ್ದೂ ಅದೇ ವರ್ಷ.

ನಿಜವಾದ ಪೈಪೋಟಿ ಇರುವುದು ಕ್ರಿಸ್ಟಾ ಮತ್ತು ಹೈಕ್ರಾಸ್ ನಡುವೆ.

ಮೈಕಟ್ಟೇ ಬೇರೆ. ಕ್ರಿಸ್ಟಾದ ಕೆಳಗೆ ಲಾರಿಗಳಿಗೆ ಇರುವಂಥ ಏಣಿ ಆಕಾರದ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ, ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಹೈಕ್ರಾಸ್‌ನಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಎಳೆಯುವುದು ಮುಂದಿನ ಚಕ್ರ. ಬೇಲೂರು ದಾಟಿ ಮೂಡಿಗೆರೆ ಕಡೆಗೋ ಸಕಲೇಶಪುರ ಕಡೆಗೋ ಕಾಫಿ ತೋಟದ ಒಳದಾರಿ ಹಿಡಿಯುವವರಿಗೆ ಇದು ಬರೀ ತಾಂತ್ರಿಕ ಮಾತಲ್ಲ. ಮಳೆಗಾಲದಲ್ಲಿ ಏಳು ಜನ ತುಂಬಿಕೊಂಡು ಕೆಸರಿನ ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ. ಹಿಂದಿನ ಚಕ್ರದ ಗಾಡಿಗೆ ಆಗ ಹಿಡಿತ ಹೆಚ್ಚು, ಮುಂದಿನ ಚಕ್ರದ ಗಾಡಿ ಅಲ್ಲೇ ಚಕ್ರ ತಿರುಗಿಸುತ್ತ ನಿಲ್ಲುವ ಸಂಭವವಿದೆ. ತೋಟದವರು ಕ್ರಿಸ್ಟಾವನ್ನು ಬಿಟ್ಟುಕೊಡದಿರುವುದಕ್ಕೆ ಹಟವೊಂದೇ ಕಾರಣವಲ್ಲ.

ಆದರೆ ಅದೇ ಏಣಿಯ ಚಾಸಿ ಕ್ರಿಸ್ಟಾದ ನೆಲವನ್ನು ಎತ್ತರಕ್ಕೆ ಏರಿಸಿದೆ. ಹೈಕ್ರಾಸ್‌ನ ನೆಲ ತಗ್ಗಿನಲ್ಲಿದೆ, ನಡುವೆ ಉಬ್ಬಿಲ್ಲ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2,850 ಮಿ.ಮೀ., ಕ್ರಿಸ್ಟಾಗಿಂತ 100 ಮಿ.ಮೀ. ಹೆಚ್ಚು. ಆ ನೂರು ಮಿಲಿಮೀಟರಿನ ಲಾಭ ಸಿಗುವುದು ಮಂಡಿಗಳಿಗೆ. ಕ್ರಿಸ್ಟಾದ ಕೊನೆಯ ಸಾಲಿನಲ್ಲಿ ಕೂತು ಬೆಂಗಳೂರಿಗೆ ಹೋಗಿ ಬಂದ ಸೋದರಮಾವ ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡುವುದು ಈ ಭಾಗದ ಮದುವೆ ಮನೆಗಳಲ್ಲಿ ಹೊಸದೇನಲ್ಲ. ಹಾಗಾಗಿಯೇ ಆ ಸೀಟಿಗೆ ಮನೆಯ ಅಳಿಯನನ್ನು ಕೂರಿಸುವುದಿಲ್ಲ.

ಹೈಬ್ರಿಡ್ ಎನ್ನುವ ಮಾತಿಗೆ ಇನ್ನೂ ಅನೇಕರು "ರಾತ್ರಿ ಚಾರ್ಜಿಗೆ ಹಾಕಬೇಕಾ?" ಎಂದು ಕೇಳುತ್ತಾರೆ. ಹಾಕಬೇಕಿಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಬಿಟ್ಟಾಗ ವ್ಯರ್ಥವಾಗುವ ಶಕ್ತಿಯನ್ನು ಮೋಟಾರು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ನಿಧಾನಕ್ಕೆ ಹೋಗುವಾಗ ಅದನ್ನೇ ಬಳಸುತ್ತದೆ. ಓಡುವ ದೂರದಲ್ಲಿ ನೂರಕ್ಕೆ ನಲವತ್ತರವರೆಗೆ ಎಂಜಿನ್ ಆರಿಸಿಕೊಂಡೇ ಹೋಗಬಲ್ಲದು ಎಂದು ಕಂಪನಿ ಬಿಡುಗಡೆಯ ಹೊತ್ತಿಗೆ ಹೇಳಿತ್ತು. ಹಂಪು, ತಿರುವು, ದನ, ಮತ್ತೆ ಹಂಪು ಇರುವ ಜಾವಗಲ್ ರಸ್ತೆ ಈ ತಂತ್ರಕ್ಕೆ ಹೇಳಿ ಮಾಡಿಸಿದಂತಿದೆ. ನೆಟ್ಟಗೆ ನೂರರಲ್ಲಿ ಹೋಗುವ ಹೆದ್ದಾರಿಯಲ್ಲಿ ಹೈಬ್ರಿಡ್‌ನ ಲಾಭ ಕಡಿಮೆ, ಹಳ್ಳಿಯ ರಸ್ತೆಯಲ್ಲಿ ಹೆಚ್ಚು. ಹೈಕ್ರಾಸ್ ಪೇಟೆಯವರ ಗಾಡಿ, ಕ್ರಿಸ್ಟಾ ಹಳ್ಳಿಯವರ ಗಾಡಿ ಎನ್ನುವ ಮಾತು ಈ ಲೆಕ್ಕದಲ್ಲಿ ತಲೆಕೆಳಗಾಗುತ್ತದೆ.

ಮೈಲೇಜಿನ ಮಾತು ಬಂತು. ಹೈಬ್ರಿಡ್ ಹೈಕ್ರಾಸ್‌ಗೆ ಅಧಿಕೃತವಾಗಿ ಲೀಟರಿಗೆ 23.24 ಕಿ.ಮೀ. ಈ ಅಂಕಿ ಪ್ರಯೋಗಾಲಯದ್ದು, ಅದನ್ನು ನಂಬಿ ಸಾಲ ಮಾಡಬಾರದು. ತುಂಬಿದ ಗಾಡಿಯಲ್ಲಿ ಹೈಕ್ರಾಸ್ 16, ಕ್ರಿಸ್ಟಾ 12 ಕೊಡುತ್ತದೆ ಎಂದು ಅಂದಾಜಿಗೆ ಇಟ್ಟುಕೊಳ್ಳೋಣ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಎಂಬ 2025ರ ಬೆಂಗಳೂರಿನ ದರ ಹಿಡಿದರೆ, ವರ್ಷಕ್ಕೆ 15,000 ಕಿ.ಮೀ. ಓಡುವ ಮನೆಯವರಿಗೆ ಕ್ರಿಸ್ಟಾದಲ್ಲಿ ಸುಮಾರು 1,13,750 ರೂಪಾಯಿ, ಹೈಕ್ರಾಸ್‌ನಲ್ಲಿ 96,500 ಚಿಲ್ಲರೆ. ಉಳಿಯುವುದು ಹದಿನೇಳು ಸಾವಿರ. ಮೈಲೇಜಿಗೆಂದು ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಹೈಬ್ರಿಡ್ ತರುವವರು ಆ ಹಣವನ್ನು ಹಿಂದೆ ಪಡೆಯುವ ಹೊತ್ತಿಗೆ ಮಗಳ ಓದು ಮುಗಿದು ಕೆಲಸ ಸಿಕ್ಕಿರುತ್ತದೆ. ವರ್ಷಕ್ಕೆ 60,000 ಓಡಿಸುವ ಟ್ಯಾಕ್ಸಿಯವರಿಗೆ ಉಳಿತಾಯ ಅರವತ್ತೆಂಟು ಸಾವಿರ ದಾಟುತ್ತದೆ. ಆದರೂ ಅವರಲ್ಲಿ ಹಲವರು ಹೈಕ್ರಾಸ್ ಮುಟ್ಟಲು ಹಿಂಜರಿಯುತ್ತಾರೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ ಎಂದರೆ, "ಅಷ್ಟನ್ನ ಮೂರು ವರ್ಸ ಆಗೋಕ್ ಮುಂಚೆನೇ ಓಡುಸ್ಬುಡ್ತೀವಿ ಸಾರ್" ಎಂಬ ಉತ್ತರ ಬರುತ್ತದೆ. ಆ ಉತ್ತರದಲ್ಲಿ ತಪ್ಪೇನಿಲ್ಲ.

ತೆರಿಗೆಯ ಪೆಟ್ಟನ್ನು ಶೋರೂಮಿಗೆ ಹೋಗುವ ಮುಂಚೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಸೆಸ್ ತೆಗೆದು ಶೇ 40ರಷ್ಟು ಜಿಎಸ್‌ಟಿ ಹಾಕಿದ್ದರಿಂದ ಬೆಲೆ ಒಂದಿಷ್ಟು ಇಳಿಯಿತು, ನಿಜ. ಆದರೆ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. 30 ಲಕ್ಷದ ಗಾಡಿಗೆ ಅದು 5,99,400 ರೂಪಾಯಿ. ಉತ್ತರ ಪ್ರದೇಶ 2024ರಲ್ಲಿ ಹೈಬ್ರಿಡ್ ಕಾರುಗಳಿಗೆ ನೋಂದಣಿ ತೆರಿಗೆ ಮನ್ನಾ ಮಾಡಿತು. ಅದೇ ಕಾರನ್ನು ತಯಾರಿಸುವ ಕರ್ನಾಟಕದಲ್ಲಿ ಅಂಥ ರಿಯಾಯಿತಿ ಸಿಗಲಿಲ್ಲ. ಬಿಡದಿಯಲ್ಲಿ ಹುಟ್ಟಿದ ಕಾರು ಆಗ ಲಖನೌದಲ್ಲಿ ಅಗ್ಗವಾಯಿತು, ಬೆಂಗಳೂರಿನ ಲಗ್ಗೆರೆಯಲ್ಲಿ ತುಟ್ಟಿಯಾಗಿಯೇ ಉಳಿಯಿತು. ಇದರ ಬಗ್ಗೆ ವಿಧಾನಸೌಧದಲ್ಲಿ ಯಾರಾದರೂ ದನಿ ಎತ್ತಿದರೆ ತಪ್ಪಾಗಲಾರದು.

ಈ ಲೆಕ್ಕವೇ ಸೆಕೆಂಡ್ ಹ್ಯಾಂಡ್ ಕ್ರಿಸ್ಟಾದ ಕಡೆಗೆ ತಕ್ಕಡಿಯನ್ನು ಬಾಗಿಸುವುದು. ಕರ್ನಾಟಕದಲ್ಲೇ ನೋಂದಣಿಯಾದ ಖಾಸಗಿ ಗಾಡಿಗೆ ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ. 2017ರಿಂದ 2019ರ ನಡುವಿನ, ಒಬ್ಬರೇ ಮಾಲೀಕರ, 2.4 ಮ್ಯಾನುವಲ್ ಕ್ರಿಸ್ಟಾ ಸಿಕ್ಕರೆ ಈ ಭಾಗದ ಹೆಚ್ಚಿನ ಮನೆಗಳಿಗೆ ಅದಕ್ಕಿಂತ ಜಾಣತನದ ವ್ಯಾಪಾರ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಬಿಎಸ್ 4 ಕಾಲದ್ದಾದ್ದರಿಂದ ಇನ್ನೊಂದು ಅನುಕೂಲವೂ ಇದೆ. 2020ರ ನಂತರದ ಬಿಎಸ್ 6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ ಬಿಸಿಯಾದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಎಪಿಎಂಸಿ, ಎಪಿಎಂಸಿಯಿಂದ ಬ್ಯಾಂಕು, ಬ್ಯಾಂಕಿನಿಂದ ಮನೆ ಎಂದು ಐದೈದು ಕಿಲೋಮೀಟರ್ ಓಡುವ ಕೊಬ್ಬರಿ ವ್ಯಾಪಾರಿಯ ಗಾಡಿಯಲ್ಲಿ ಅದು ಕಟ್ಟಿಕೊಂಡು ಎಚ್ಚರಿಕೆ ದೀಪ ಹತ್ತುತ್ತದೆ.

ಕೊಳ್ಳುವಾಗ ಮಾತ್ರ ಕಣ್ಣು ತೆರೆದಿರಬೇಕು. ಬಿಳಿ ಬೋರ್ಡಿನ ಹಲವು ಕ್ರಿಸ್ಟಾಗಳ ಹಿಂದಿನ ಜನ್ಮ ಹಳದಿ ಬೋರ್ಡಿನದು. ಮೀಟರಿನಲ್ಲಿ ತೊಂಬತ್ತು ಸಾವಿರ ತೋರಿಸಿದರೂ ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ, ಸ್ಟೀರಿಂಗ್ ಮಿರಮಿರ ಮಿಂಚುತ್ತಿದ್ದರೆ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದ್ದರೆ ಸತ್ಯ ಅಲ್ಲಿದೆ. ಪರಿವಾಹನ್ ತಾಣದಲ್ಲಿ ನಂಬರು ಹಾಕಿ ನೋಡುವುದು, ಆರ್‌ಟಿಒದಿಂದ ನೋಂದಣಿ ವಿವರದ ಬಿ ಎಕ್ಸ್‌ಟ್ರಾಕ್ಟ್ ತೆಗೆಸುವುದು, ಸರ್ವಿಸ್ ದಾಖಲೆ ಕೇಳುವುದು ಅರ್ಧ ದಿನದ ಕೆಲಸ. ದಿಲ್ಲಿ ಕಡೆಯ ಗಾಡಿ ಅಗ್ಗಕ್ಕೆ ಬಂದಿದೆ ಎಂದವರ ಮಾತಿಗೆ ಮರುಳಾಗಬಾರದು. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿದ ಮೇಲೆ ಅವು ಬೇರೆ ರಾಜ್ಯಗಳಿಗೆ ಹರಿದುಬಂದವು. ಇಲ್ಲಿ ಮತ್ತೆ ನೋಂದಣಿ ಮಾಡಿಸುವಾಗ ಇಲ್ಲಿನ ತೆರಿಗೆ ಕಟ್ಟಬೇಕು, ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ.

ಹೊಸ ಕ್ರಿಸ್ಟಾ? ಟ್ಯಾಕ್ಸಿಗೆ, ತೋಟದ ದಾರಿಗೆ ಸರಿ. ಡೀಸೆಲ್ ಎಂಜಿನ್ ಬೆಂಗಳೂರಿನ ಜಿಗಣಿಯಲ್ಲೇ ತಯಾರಾಗುತ್ತದೆ, ಬಿಡಿಭಾಗಕ್ಕೆ ಬರವಿಲ್ಲ, ಕೆಲಸ ಬಲ್ಲ ಮೆಕ್ಯಾನಿಕ್ ಸಣ್ಣ ಊರಿನಲ್ಲೂ ಸಿಗುತ್ತಾನೆ. 2024ರ ಜನವರಿ ಕೊನೆಯಲ್ಲಿ ಎಂಜಿನ್ ಶಕ್ತಿಯ ಪ್ರಮಾಣೀಕರಣ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆ ಎಂದು ಜಪಾನಿನಲ್ಲಿ ಬಹಿರಂಗವಾದಾಗ ಕೆಲವು ದಿನ ಕ್ರಿಸ್ಟಾದ ರವಾನೆ ನಿಂತಿತ್ತು. ಫೆಬ್ರುವರಿಯಲ್ಲಿ ಮತ್ತೆ ಶುರುವಾಯಿತು. ಮನೆ ಬಳಕೆಗೆ ಮಾತ್ರ ಇಪ್ಪತ್ತು ಲಕ್ಷ ದಾಟಿಸಿ ಹತ್ತು ವರ್ಷದ ಹಿಂದಿನ ವಿನ್ಯಾಸವನ್ನು ಹೊಸದಾಗಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಅಷ್ಟು ಹಣ ಇದ್ದರೆ ಹೈಕ್ರಾಸ್‌ಗೆ ಹೋಗಬೇಕು, ಇಲ್ಲದಿದ್ದರೆ ಹಳೆಯ ಕ್ರಿಸ್ಟಾಗೆ. ಹೈಬ್ರಿಡ್ ಇಲ್ಲದ ಪೆಟ್ರೋಲ್ ಹೈಕ್ರಾಸ್ ಎಂಬುದೊಂದಿದೆ. ಅದರಲ್ಲಿ ಡೀಸೆಲ್ಲಿನ ಎಳೆತವೂ ಇಲ್ಲ, ಹೈಬ್ರಿಡ್ಡಿನ ಮೈಲೇಜೂ ಇಲ್ಲ.

ಹೈಕ್ರಾಸ್ ಬೇಕು ಎನ್ನುವವರು ತಾಳ್ಮೆಯನ್ನೂ ಜೊತೆಗೆ ಕೊಳ್ಳಬೇಕಾಗಬಹುದು. ಬೇಡಿಕೆ ತಡೆಯಲಾಗದೆ ಮೇಲ್ಮಟ್ಟದ ಮಾದರಿಗಳ ಬುಕಿಂಗನ್ನೇ 2023ರ ಏಪ್ರಿಲ್‌ನಲ್ಲಿ ನಿಲ್ಲಿಸಲಾಗಿತ್ತು, 2024ರಲ್ಲಿ ತೆರೆದು ಮತ್ತೆ ಮುಚ್ಚಿದ್ದೂ ಉಂಟು. ಇದಕ್ಕೊಂದು ಒಳದಾರಿ ಇದೆ. 2023ರ ಜುಲೈನಲ್ಲಿ ಬಂದ ಮಾರುತಿ ಇನ್ವಿಕ್ಟೊ ಹೆಸರಿಗಷ್ಟೇ ಮಾರುತಿ. ಒಳಗೆ ಅದೇ ಹೈಬ್ರಿಡ್, ತಯಾರಾಗುವುದೂ ಬಿಡದಿಯಲ್ಲೇ. ಮಾರುತಿಯ ಸರ್ವಿಸ್ ಜಾಲ ಟೊಯೊಟಾದ್ದಕ್ಕಿಂತ ದೊಡ್ಡದು. ಬೀಗರ ಮನೆ ಮುಂದೆ ನಿಲ್ಲಿಸಿದಾಗ "ಇನ್ನೋವಾ ತಗಂಡ್ರಂತೆ" ಎಂಬ ಮಾತು ಮಾತ್ರ ಬರುವುದಿಲ್ಲ. ಆ ಮಾತಿಗೆ ಎಷ್ಟು ಲಕ್ಷ ಕೊಡಬಹುದು ಎನ್ನುವುದು ಅವರವರ ಮನೆಯ ವಿಚಾರ.

ವೇಗಕ್ಕೆ ಕೊಟ್ಟ ಹಣ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಯೋಚಿಸಬೇಕು. 186 ಪಿಎಸ್ ಗಾಡಿ ತಯಾರಾಗುವ ಬಿಡದಿಯ ಪಕ್ಕದಲ್ಲೇ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಿಂದ ಗಂಟೆಗೆ 100 ಕಿ.ಮೀ. ಮಿತಿ ಬಂದಿದೆ, ಮೀರಿದವರನ್ನು ಕ್ಯಾಮೆರಾ ಹಿಡಿಯುತ್ತದೆ. ಬೇಲೂರು–ಹಳೇಬೀಡು ಮಾರ್ಗದಲ್ಲಿ ಕ್ಯಾಮೆರಾ ಬೇಕಾಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ರಜಾ ದಿನಗಳಲ್ಲಿ ಆ ಹದಿನಾರು ಕಿಲೋಮೀಟರಿನಲ್ಲಿ ಮೂರು ತಲೆಮಾರಿನ ಇನ್ನೋವಾಗಳೂ ಒಂದರ ಹಿಂದೆ ಒಂದು ಒಂದೇ ವೇಗದಲ್ಲಿ ತೆವಳುತ್ತವೆ.

ಆ ನೀಲಿ ಸ್ಟೂಲಿನ ಮನೆಯವರೂ ಗಾಡಿ ಬದಲಿಸುವ ಯೋಚನೆಯಲ್ಲಿದ್ದಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗನಿಗೆ ಹೈಕ್ರಾಸ್ ಮೇಲೆ ಕಣ್ಣು. ತೋಟ ನೋಡಿಕೊಳ್ಳುವ ದೊಡ್ಡಪ್ಪನಿಗೆ ತಿಪಟೂರಿನಲ್ಲಿ ಮಾರಾಟಕ್ಕಿರುವ 2018ರ ಕ್ರಿಸ್ಟಾದ ಮೇಲೆ. ಬೇಲೂರಿನ ಚೆನ್ನಕೇಶವನ ದರ್ಶನ ಮುಗಿಸಿ ಗೋಪುರದ ಹೊರಗೆ ಬಂದಾಗ ಮೊಮ್ಮಗ ಗೆಳೆಯನ ಹೈಕ್ರಾಸ್ ತರಿಸಿ ನಿಲ್ಲಿಸಿದ್ದ. ಅಜ್ಜಿ ಬಾಗಿಲ ಬಳಿ ಬಂದು ಅಭ್ಯಾಸದಂತೆ ಕೆಳಗೆ ನೋಡಿದರು, ಸ್ಟೂಲು ಇರಲಿಲ್ಲ. ಒಂದು ಕ್ಷಣ ನಿಂತು, ಬಲಗಾಲು ಎತ್ತಿ ಒಳಗಿಟ್ಟು, ಯಾರ ಹೆಗಲೂ ಹಿಡಿಯದೆ ಹತ್ತಿ ಕೂತರು. ದೊಡ್ಡಪ್ಪ ಏನೂ ಹೇಳಲಿಲ್ಲ, ಬಗ್ಗಿ ಗಾಡಿಯ ಕೆಳಗೆ ಒಮ್ಮೆ ನೋಡಿ, "ತೋಟದ ಹಳ್ಳದತ್ರ ತಗಲ್ತದೆ ಇದು" ಅಂದರು. "ತಗಲ್ಲಿ ಬುಡು, ನಾನೇನ್ ಹಳ್ಳಕ್ಕೆ ಓಗ್ತೀನಾ?" ಅಂದ ಅಜ್ಜಿ ಬಾಗಿಲು ಹಾಕುವ ಗುಂಡಿ ಎಲ್ಲಿದೆ ಎಂದು ಮೊಮ್ಮಗನನ್ನು ಕೇಳುತ್ತಿದ್ದರು.